ಹಡಗು ಹತ್ತುವ ಮುನ್ನ ಆರೋಗ್ಯ ತಪಾಸಣೆ

ಆಸ್ಪರಿಯವರಿಗೆ ಹಡಗಿನ ಮಾತು ಯಾಕೆ ಎಂದು ತಾವು ಕೇಳಬಹುದು. ನಮ್ಮಲ್ಲಿ ಸಮುದ್ರವಿಲ್ಲ, ನಿಜ. ಆದರೆ ನಮ್ಮ ಸ್ಟೇಷನ್ನಿನ ಹಳಿ ಒಂದು ಕಡೆ ಮುಂಬಯಿಗೆ, ಇನ್ನೊಂದು ಕಡೆ ಚೆನ್ನೈಗೆ ಹೋಗುತ್ತದೆ. ಎರಡೂ ಊರುಗಳಲ್ಲಿ ಬಂದರುಂಟು. ದೂರದಲ್ಲಿ ದುಡಿಯುವ ಮಕ್ಕಳು ವಯಸ್ಸಾದ ತಂದೆ ತಾಯಿಗೆ ವಿಹಾರದ ಹಡಗಿನ ಟಿಕೆಟ್ ತೆಗೆಸುವ ಕಾಲವಿದು. ಟಿಕೆಟ್ಟಿನ ಹಿಂದೆಯೇ ಆರೋಗ್ಯದ ಫಾರಂ ಬರುತ್ತದೆ. "ದುಡ್ಡು ಕೊಟ್ಟ ಮೇಲೆ ಇದೊಂದು ಯಾಕಪ್ಪಾ" ಎನ್ನುವವರಿದ್ದಾರೆ. ಕಾರಣವೇನೆಂದು ನೋಡೋಣ.

ಹಡಗೆಂದರೆ ಅಗಸೆ ಬಾಗಿಲು ಮುಚ್ಚಿದ ಊರಿದ್ದಂತೆ. ಊಟ ಒಂದೇ ಕಡೆ, ಓಡಾಟ ಒಂದೇ ಮೆಟ್ಟಿಲಲ್ಲಿ. 2020ರ ಫೆಬ್ರವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗು ಜಪಾನಿನ ಯೊಕೊಹಾಮಾದಲ್ಲಿ ನಿಂತಿತು. ಅದರಲ್ಲಿದ್ದವರು 3,711 ಮಂದಿ. ಕೊರೋನಾ ಅಂಟಿದ್ದು 712 ಜನರಿಗೆ. ನಮ್ಮ ದೇಶದವರು 138 ಮಂದಿ ಇದ್ದರು. ಅವರಲ್ಲಿ 132 ಜನ ಪ್ರಯಾಣಿಕರಲ್ಲ, ಹೊಟ್ಟೆಪಾಡಿಗೆ ಹಡಗಿನಲ್ಲಿ ದುಡಿಯುತ್ತಿದ್ದವರು. ಹತ್ತುವವರನ್ನು ಪರೀಕ್ಷಿಸುವ ಕ್ರಮ ಆಗ ಇನ್ನೂ ಬಂದಿರಲಿಲ್ಲ.

ಹಾಗಾದರೆ ಪರೀಕ್ಷೆ ಮಾಡಿಸಿದರೆ ಸಾಕೇ? ಲಕ್ಷದ್ವೀಪದ ಕಥೆ ಕೇಳಿ. ಅಲ್ಲಿಯ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 2020ರಲ್ಲಿ ಅಲ್ಲಿಗೆ ಹೋಗುವವರು ಕೊಚ್ಚಿಯಲ್ಲಿ ಕೆಲವು ದಿನ ಬೇರೆಯಾಗಿದ್ದು, ಪರೀಕ್ಷೆ ಮುಗಿಸಿ ಹಡಗು ಹತ್ತಬೇಕಿತ್ತು. ಆ ವರ್ಷವಿಡೀ ದ್ವೀಪಗಳಲ್ಲಿ ಒಬ್ಬರಿಗೂ ಕೊರೋನಾ ಕಾಣಿಸಲಿಲ್ಲ. ಡಿಸೆಂಬರ್ ಕೊನೆಗೆ ಕಾಯುವ ನಿಯಮ ತೆಗೆದು, 48 ಗಂಟೆಯೊಳಗಿನ ಪರೀಕ್ಷೆಯ ಚೀಟಿ ಇದ್ದರೆ ಸಾಕೆಂದರು. 2021ರ ಜನವರಿಯಲ್ಲಿ ಮೊದಲ ರೋಗಿ ಕಂಡರು.

ಇದರ ಗುಟ್ಟು ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಸುಲಭವಾಗಿ ತಿಳಿಯುತ್ತದೆ. ಪಾಸ್‌ಬುಕ್ಕಿನಲ್ಲಿ ಬರೆದ ಬಾಕಿ ಆ ತಾರೀಖಿನದು; ಮರುದಿನದ್ದಲ್ಲ. ರೋಗಾಣು ಮೈಹೊಕ್ಕ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಕ್ಕದೆ ಹೋಗಬಹುದು. ಚೀಟಿ ಕೈಗೆ ಬಂದ ಮೇಲೂ ಅಂಟಬಹುದು. 2022ರ ಜನವರಿಯಲ್ಲಿ ಮುಂಬಯಿಯಿಂದ ಗೋವಾಕ್ಕೆ ಹೋದ ಕಾರ್ಡೀಲಿಯಾ ಹಡಗಿನಲ್ಲಿ ಸುಮಾರು 2,000 ಜನರ ಪೈಕಿ 66 ಮಂದಿಗೆ ಸೋಂಕು ಕಂಡಿತು. ಹಾಗೆಂದು ಪರೀಕ್ಷೆ ವ್ಯರ್ಥವಲ್ಲ. ಹತ್ತು ಜನ ರೋಗಿಗಳಲ್ಲಿ ಕೆಲವರನ್ನಾದರೂ ದಡದಲ್ಲೇ ತಡೆದರೆ ಅಷ್ಟು ಮನೆಗಳು ಉಳಿದವು. ಆದರೆ ಚೀಟಿಯೊಂದನ್ನೇ ನಂಬಿ ಕೂರಬಾರದು.

ಕೊರೋನಾದ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಾರಿತು. ಈಗ ಹೆಚ್ಚಿನ ಹಡಗುಗಳು ಆ ಪರೀಕ್ಷೆ ಕೇಳುವುದಿಲ್ಲ. ಜ್ವರ, ವಾಂತಿ, ಭೇದಿ ಇದೆಯೇ ಎಂದು ಕೇಳುವುದುಂಟು. ಆಫ್ರಿಕಾ, ದಕ್ಷಿಣ ಅಮೆರಿಕಾದ ಕೆಲವು ದೇಶಗಳ ದಾರಿಯಾದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಅದು ಊರ್ಜಿತ. 2016ರಿಂದ ಅದಕ್ಕೆ ಜೀವಮಾನದ ಮಾನ್ಯತೆ ಇದೆ. ಆದ್ದರಿಂದ ಟಿಕೆಟ್ ತೆಗೆಯುವ ದಿನವೇ ಏನೇನು ಬೇಕೆಂದು ಕೇಳಿ ಬರೆದುಕೊಳ್ಳಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಡಗಿನಲ್ಲಿ ಬೇಗ ಹರಡುವ ನೋರೋವೈರಸ್ಸಿನ ವಾಂತಿಭೇದಿಗೆ ಕೈಗೆ ಸವರುವ ಸ್ಯಾನಿಟೈಜರ್ ಸಾಲದು. ಸಾಬೂನು ಹಚ್ಚಿ ನೀರಿನಲ್ಲಿ ತೊಳೆಯಬೇಕು.

ಕೊನೆಗೆ ಒಂದು ಮಾತು. ಟಿಕೆಟ್ಟಿನ ದುಡ್ಡು ಹೋದೀತೆಂದು ಜ್ವರದ ಮಾತ್ರೆ ನುಂಗಿ, ಫಾರಂನಲ್ಲಿ "ಇಲ್ಲ" ಎಂದು ಬರೆಯುವವರುಂಟು. ದುಡ್ಡು ಸಣ್ಣದಲ್ಲ, ಒಪ್ಪುತ್ತೇನೆ. ದುಡ್ಡು ವಾಪಸಾಗುತ್ತದೆಯೇ, ತಾರೀಖು ಬದಲಿಸಬಹುದೇ ಎಂದು ಮೊದಲೇ ಕೇಳಿಕೊಂಡರೆ ಆ ಸುಳ್ಳಿನ ಅಗತ್ಯ ಬೀಳುವುದಿಲ್ಲ. ತಟ್ಟೆ ತೊಳೆಯುವ ಹುಡುಗನೂ, ಪಕ್ಕದ ಕೋಣೆಯ ಅಜ್ಜಿಯೂ ನಿಮ್ಮ ಆ ಒಂದು ಉತ್ತರವನ್ನು ನಂಬಿ ಹಡಗಿನಲ್ಲಿರುತ್ತಾರೆ. ಮಂತ್ರಾಲಯಕ್ಕೆ, ಶ್ರೀಶೈಲಕ್ಕೆ ತುಂಬಿದ ಬಸ್ಸಿನಲ್ಲಿ ಹೊರಡುವಾಗಲೂ ಇದು ನೆನಪಿರಲಿ.