ಮೇಜಿನ ಕಂಪ್ಯೂಟರಿನ ಜಾಗಕ್ಕೆ ಲ್ಯಾಪ್‌ಟಾಪ್: ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕ

(ಸದಸ್ಯರ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

 

ಲೆಕ್ಕ ಬರೆಯುವವನನ್ನು ಕಂಪ್ಯೂಟರ್ ಬಗ್ಗೆ ಮಾತಾಡಲು ಯಾಕೆ ಕರೆದದ್ದು ಅಂತ ಹೊರಗೆ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಇಂಜಿನಿಯರ್ ಅಲ್ಲ, ಬಿ.ಕಾಂ. ಕಲಿತವ. ಆದರೆ ಮೂರು ವರ್ಷದಿಂದ ನನ್ನ ರೂಮಿನಲ್ಲಿ ಡೆಸ್ಕ್‌ಟಾಪ್ ಇಲ್ಲ. 15.6 ಇಂಚಿನ ಸಾಧಾರಣ ಲ್ಯಾಪ್‌ಟಾಪ್ ಒಂದರಲ್ಲೇ ಎಲ್ಲ ಕೆಲಸ ನಡೀತಾ ಉಂಟು. ಇನ್ನೊಂದು ಕಾರಣವೂ ಉಂಟು. ಗೊತ್ತಿಲ್ಲದೆ ಸಲಹೆ ಕೊಟ್ಟು ಇನ್ನೊಬ್ಬರ ದುಡ್ಡು ಹಾಳು ಮಾಡಿದವನೂ ನಾನೇ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ರೂಮಿನಲ್ಲಿ ಕಫ್ತೇರಿಯಾದಲ್ಲಿ ದುಡಿಯುವ ಒಬ್ಬ ಕಾಕ ಇದ್ದಾರೆ. ಊರಲ್ಲಿ ಅವರ ಮಗಳು ಬಿ.ಕಾಂ.ಗೆ ಸೇರಿದಳು. "ನೀನು ಲೆಕ್ಕದವ, ನಿನಗೆ ಗೊತ್ತುಂಟು, ಒಂದು ನೋಡಿಕೊಡು" ಅಂತ ಆಫರಿನ ಹಾಳೆ ಹಿಡಿದುಕೊಂಡು ಬಂದರು. 799 ದಿರ್ಹಂ. ಹೊಸದು, ದೊಡ್ಡ ಪರದೆ, ವಿಂಡೋಸ್ ಹಾಕಿಯೇ ಉಂಟು. ನಾನು ರೇಟು ನೋಡಿದೆ, ಪರದೆ ನೋಡಿದೆ, "ತೆಗೊಳ್ಳಿ ಕಾಕ" ಅಂದುಬಿಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ: 4 ಜಿಬಿ ರ್‍ಯಾಮ್, 64 ಜಿಬಿ ಇ-ಎಂಎಂಸಿ.

ಐದು ತಿಂಗಳಾಗುವಾಗ ಆ ಹುಡುಗಿಯ ವಾಯ್ಸ್ ಮೆಸೇಜ್ ಬಂತು. "ಮಾಮ, ಅಪ್‌ಡೇಟಿಗೆ ಜಾಗ ಇಲ್ಲ ಅಂತ ಬರ್ತದೆ. ಟ್ಯಾಲಿ ತೆರೆದ್ರೆ ಬೇರೆ ಎಲ್ಲ ನಿಂತು ಹೋಗ್ತದೆ." ಊರಿನ ರಿಪೇರಿಯವರು ಬಿಚ್ಚಿ ನೋಡಿ, ಸ್ಟೋರೇಜ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಬದಲಿಸಲಿಕ್ಕೆ ಆಗುವುದಿಲ್ಲ ಅಂದರು. ಆ 799 ದಿರ್ಹಂ ಕಾಕ ಎಷ್ಟು ದಿನ ಒಲೆಯ ಮುಂದೆ ಓವರ್‌ಟೈಮ್ ನಿಂತು ಉಳಿಸಿದ್ದು ಅಂತ ನನಗೆ ಗೊತ್ತಿತ್ತು. ಅವರು ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಆಮೇಲೆ ಕೂತು ಕಲಿತೆ. ಕಲಿತದ್ದನ್ನು ಈಗ ಹೇಳುತ್ತೇನೆ.

ನಮ್ಮಂಥವರಿಗೆ ಡೆಸ್ಕ್‌ಟಾಪ್ ಯಾಕೆ ಕಷ್ಟ ಅಂತ ವಿವರಿಸಬೇಕಾಗಿಲ್ಲ. ಬೆಡ್ ಸ್ಪೇಸಿನಲ್ಲಿ ಮಂಚದ ಪಕ್ಕ ಒಂದು ಸ್ಟೂಲ್ ಇಡುವಷ್ಟು ಜಾಗ. ಮೂರು ವರ್ಷದಲ್ಲಿ ನಾನೇ ಎರಡು ಸಲ ರೂಮು ಬದಲಿಸಿದೆ. ಊರಲ್ಲಿಯಾದರೆ ಮಳೆಗಾಲದ ಕರೆಂಟು ನಿಮಗೆ ಗೊತ್ತುಂಟು. ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು, ಲ್ಯಾಪ್‌ಟಾಪಿಗೆ ಅದರ ಬ್ಯಾಟರಿಯೇ ಯುಪಿಎಸ್. ಹಾಗಾದರೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಮೇಜಿನ ಕಂಪ್ಯೂಟರಿನ ಕೆಲಸ ಮಾಡ್ತದಾ? ಎಕ್ಸೆಲ್, ಟ್ಯಾಲಿ, ಆನ್‌ಲೈನ್ ಕ್ಲಾಸ್, ಬ್ಯಾಂಕಿನ ಕೆಲಸ, ಮನೆಯವರ ಜೊತೆ ವಿಡಿಯೋ ಕಾಲ್, ಇಷ್ಟಕ್ಕೆ ಧಾರಾಳ ಮಾಡ್ತದೆ. ಆದರೆ ಸಣ್ಣ ಅಕ್ಷರ ಓದಿ ತೆಗೆದುಕೊಂಡರೆ ಮಾತ್ರ.

ರ್‍ಯಾಮ್ 8 ಜಿಬಿಗೆ ಕಡಿಮೆ ಬೇಡ. 4 ಜಿಬಿಯಲ್ಲೂ ವಿಂಡೋಸ್ 11 ತೆರೆಯುತ್ತದೆ ಅಂತ ಅಂಗಡಿಯವ ಹೇಳುವುದು ಸುಳ್ಳಲ್ಲ. ತೆರೆದ ಮೇಲೆ ಏನಾಗ್ತದೆ ಅಂತ ಅವ ಹೇಳುವುದಿಲ್ಲ. ಮುಂದೆ ಹೆಚ್ಚಿಸಲು ಒಂದು ಸ್ಲಾಟ್ ಖಾಲಿ ಉಂಟಾ ಅಂತಲೂ ಕೇಳಿ. ಕೆಲವು ಮಾಡೆಲಿನಲ್ಲಿ ರ್‍ಯಾಮನ್ನೂ ಬೋರ್ಡಿಗೇ ಕೂರಿಸಿರುತ್ತಾರೆ. ಸ್ಟೋರೇಜ್ ಎಸ್ಎಸ್‌ಡಿ ಆಗಿರಲಿ, 256 ಜಿಬಿ ಸಾಕು, 512 ಸಿಕ್ಕಿದರೆ ಒಳ್ಳೆಯದು. ಇ-ಎಂಎಂಸಿ ಅಂತ ಕಂಡರೆ ಹಾಳೆ ಮಡಚಿ ಹಿಂದೆ ಕೊಡಿ.

ಪ್ರೊಸೆಸರಿನಲ್ಲಿ ನಾವು ಮೋಸ ಹೋಗುವುದು ಹೆಚ್ಚು. ಐ7 ಅಂದ ಕೂಡಲೇ ಕಣ್ಣು ಅರಳುತ್ತದೆ. ಆದರೆ ನಂಬರಿನ ಕೊನೆಯಲ್ಲಿ ಯು ಅಕ್ಷರ ಇದ್ದರೆ ಅದು ಸಾಮಾನ್ಯವಾಗಿ 15 ವಾಟಿನ ಲೆಕ್ಕದಲ್ಲಿ ಮಾಡಿದ್ದು. ಡೆಸ್ಕ್‌ಟಾಪಿನ ಮಾಮೂಲು ಐ7ಗೆ ಅದು 65 ವಾಟ್. ಹೆಸರು ಒಂದೇ, ಶಕ್ತಿ ಒಂದೇ ಅಲ್ಲ. ಹೆಸರಿಗಿಂತ ತಲೆಮಾರು ಮುಖ್ಯ. ಐ5-6300ಯು ಅಂದರೆ ಆರನೆಯ ತಲೆಮಾರು, 8250ಯು ಎಂಟನೆಯದು, 1235ಯು ಹನ್ನೆರಡನೆಯದು.

ಇದು ಈಗ ಯಾಕೆ ಮುಖ್ಯ? ವಿಂಡೋಸ್ 10ರ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನದ್ದಾದರೆ ವಿಂಡೋಸ್ 11ಕ್ಕೆ ಎಂಟನೆಯ ತಲೆಮಾರಿನಿಂದ ಮೇಲಿನದ್ದು ಬೇಕು. ಬರ್ ದುಬೈಯಲ್ಲಿ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳ ಮುಂದೆ ಒಂದು ಸುತ್ತು ಬನ್ನಿ. ಕಂಪೆನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಒರೆಸಿ, ಸ್ಟಿಕರ್ ಅಂಟಿಸಿ ಇಟ್ಟಿರುತ್ತಾರೆ. ಸೆಕೆಂಡ್ ಹ್ಯಾಂಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ 4 ಜಿಬಿಯ ಹೊಸ ಡಬ್ಬಕ್ಕಿಂತ 8 ಜಿಬಿಯ ಒಳ್ಳೆಯ ಹಳೆಯದು ಮೇಲು. ಆದರೆ ಆರನೆಯ, ಏಳನೆಯ ತಲೆಮಾರಿನದನ್ನು ಬ್ಯಾಂಕ್ ಕೆಲಸಕ್ಕೆ ಅಂತ ಕೊಳ್ಳಬೇಡಿ. ಹೊಸದರಲ್ಲಿ "ಡಾಸ್" ಅಂತ ಬರೆದಿದ್ದರೆ ವಿಂಡೋಸ್ ಅದರಲ್ಲಿ ಇಲ್ಲ, ಬೇರೆ ಕೊಳ್ಳಬೇಕು ಅಂತ ಅರ್ಥ. ಅದಕ್ಕೇ ಅಷ್ಟು ಅಗ್ಗ.

ಈಗ ಮೇಜಿನ ವಿಷಯ. ಲ್ಯಾಪ್‌ಟಾಪನ್ನು ಹಾಗೇ ಮೇಜಿನ ಮೇಲಿಟ್ಟು ಮೂರು ಗಂಟೆ ಬಗ್ಗಿ ಕೂತರೆ ಕುತ್ತಿಗೆ ಹೋಗ್ತದೆ ಮಾರಾಯ್ರೆ. ನನಗೆ ಮೊದಲ ತಿಂಗಳಲ್ಲೇ ಗೊತ್ತಾಯಿತು. ಒಂದು ಸ್ಟ್ಯಾಂಡ್ ತಂದೆ, ಪರದೆ ಕಣ್ಣಿನ ಎತ್ತರಕ್ಕೆ ಬಂತು. ಕೆಳಗೆ ಬೇರೆ ಕೀಬೋರ್ಡ್, ಮೌಸ್. ಅಲ್ಲಿಗೆ ಅದು ಡೆಸ್ಕ್‌ಟಾಪ್ ಆಯಿತು ನೋಡಿ. ಊರಲ್ಲಿ ಹಳೆಯ ಮಾನಿಟರ್ ಇದ್ದರೆ ಬಿಸಾಡಬೇಡಿ, ಎಚ್‌ಡಿಎಂಐ ಕೇಬಲಿನಲ್ಲಿ ಜೋಡಿಸಬಹುದು. ನೀಲಿ ಪಿನ್ನಿನ ವಿಜಿಎ ಮಾತ್ರ ಇದ್ದರೆ ನಡುವೆ ಒಂದು ಸಣ್ಣ ಕನ್ವರ್ಟರ್ ಬೇಕು. ಪರದೆಯಲ್ಲಿ 1920x1080 ಇರಲಿ. 1366x768ರಲ್ಲಿ ಎಕ್ಸೆಲ್‌ನ ಕಾಲಂಗಳು ಅರ್ಧಕ್ಕೇ ಮುಗಿಯುತ್ತವೆ. 14 ಇಂಚಿನವುಗಳಲ್ಲಿ ಸಾಮಾನ್ಯವಾಗಿ ಬಲಬದಿಯ ಅಂಕಿಗಳ ಸಾಲು ಇರುವುದಿಲ್ಲ, 15.6ರಲ್ಲಿ ಹೆಚ್ಚಾಗಿ ಇರುತ್ತದೆ. ಲೆಕ್ಕದವನಿಗೆ ಅದಿಲ್ಲದಿದ್ದರೆ ಕೈ ಕಟ್ಟಿ ಹಾಕಿದ ಹಾಗೆ.

ದಿನವಿಡೀ ಪ್ಲಗ್ಗಿನಲ್ಲೇ ಇರುವ ಬ್ಯಾಟರಿ ಬೇಗ ಸೋಲುತ್ತದೆ. ಹಲವು ಕಂಪೆನಿಗಳ ಆ್ಯಪ್‌ನಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಸೆಟ್ಟಿಂಗ್ ಉಂಟು. ಹಾಕಿಡಿ. ಹಾಸಿಗೆಯ ಮೇಲಿಟ್ಟು ಬಳಸಬೇಡಿ, ಗಾಳಿಯ ತೂತು ಮುಚ್ಚಿ ಬಿಸಿಯಾಗುತ್ತದೆ.

ಡೆಸ್ಕ್‌ಟಾಪ್ ಗೆಲ್ಲುವ ಜಾಗಗಳನ್ನೂ ಹೇಳಬೇಕಲ್ಲ. ಮಗ ಆಟೋಕ್ಯಾಡ್ ಕಲಿಯುತ್ತಾನೆ, ವಿಡಿಯೋ ಎಡಿಟಿಂಗ್ ಮಾಡುತ್ತಾನೆ ಅಂತಾದರೆ ನಾನು ಹೇಳಿದ್ದು ಸಾಲುವುದಿಲ್ಲ. ರಿಪೇರಿಯಲ್ಲೂ ಡೆಸ್ಕ್‌ಟಾಪೇ ಸುಲಭ. ಅದರ ಕೀಬೋರ್ಡಿನ ಮೇಲೆ ಸುಲೈಮಾನಿ ಚೆಲ್ಲಿದರೆ 30 ದಿರ್ಹಂ ನಷ್ಟ. ಲ್ಯಾಪ್‌ಟಾಪಿನ ಮೇಲೆ ಚೆಲ್ಲಿದರೆ ಇಡೀ ಯಂತ್ರವೇ ಹೋಗಬಹುದು.

ನನ್ನ ಲೆಕ್ಕ ಹೀಗೆ: ಲ್ಯಾಪ್‌ಟಾಪ್ 1,650, ಸ್ಟ್ಯಾಂಡ್ 45, ಕೀಬೋರ್ಡ್ ಮತ್ತು ಮೌಸ್ 60. ಒಟ್ಟು 1,755 ದಿರ್ಹಂ. ಐದು ವರ್ಷ ಬಂದರೆ ವರ್ಷಕ್ಕೆ 351, ತಿಂಗಳಿಗೆ 30ರ ಒಳಗೆ. ಕಾಕನ 799 ನಡೆದದ್ದು ಐದೇ ತಿಂಗಳು. ತಿಂಗಳಿಗೆ ಸುಮಾರು 160 ಬಿತ್ತು. ಯಾವುದು ಅಗ್ಗ?

ಊರಿಗೆ ಒಯ್ಯುವವರಿಗೆ ಎರಡು ಮಾತು. 18 ವರ್ಷ ತುಂಬಿದ ಪ್ರಯಾಣಿಕರು ಭಾರತಕ್ಕೆ ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು. ಒಂದು ಅಂದರೆ ಒಂದೇ. ಗೆಳೆಯನದ್ದು, ಭಾವನದ್ದು ಅಂತ ಮೂರು ತುಂಬಿಸಿಕೊಂಡು ಹೋಗಬೇಡಿ. ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ವಾರಂಟಿ ಊರಲ್ಲೂ ನಡೆಯುತ್ತದಾ ಅಂತ ಕೊಳ್ಳುವಾಗಲೇ ಕೇಳಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಚಾರ್ಜರ್ 100ರಿಂದ 240 ವೋಲ್ಟಿನದ್ದಾಗಿದ್ದರೆ ಇಲ್ಲಿಯದೇ ಅಲ್ಲಿಯೂ ನಡೆಯುತ್ತದೆ; ಗೋಡೆಗೆ ಹಾಕುವ ತಂತಿ ಮಾತ್ರ ಊರಿನ ದುಂಡು ಪಿನ್ನಿನದ್ದು ತೆಗೆದುಕೊಂಡರೆ ಸಾಕು.

ಕಾಕನ ಮಗಳಿಗೆ ಆಮೇಲೆ ಎಂಟನೆಯ ತಲೆಮಾರಿನ, 8 ಜಿಬಿಯ ಒಂದು ಹಳೆಯದನ್ನು ಕಳಿಸಿದೆವು. ಅರ್ಧ ದುಡ್ಡು ನಾನು ಹಾಕಿದೆ. ಕಾಕ ಬೇಡ ಅಂದರು, ನಾನು ಕೇಳಲಿಲ್ಲ. ಈಗ ಅವಳು ಕೊನೆಯ ವರ್ಷದಲ್ಲಿದ್ದಾಳೆ, ಟ್ಯಾಲಿಯಲ್ಲಿ ಎಲ್ಲಿಯಾದರೂ ಸಿಕ್ಕಿಬಿದ್ದರೆ ನನಗೆ ವಾಯ್ಸ್ ಮೆಸೇಜ್ ಹಾಕುತ್ತಾಳೆ.

ನನ್ನ ಲ್ಯಾಪ್‌ಟಾಪ್ ಮತ್ತು ಸ್ಟ್ಯಾಂಡ್ ಹಿಂದಿನ ಮೇಜಿನಲ್ಲಿ ಉಂಟು. ಆಫರಿನ ಹಾಳೆ ತಂದವರು ಚಹಾ ಕುಡಿದು ಅಲ್ಲಿಗೆ ಬನ್ನಿ, ಸಣ್ಣ ಅಕ್ಷರ ಒಟ್ಟಿಗೆ ಓದುವ.