ಪ್ರೌಢಶಾಲೆಯ ಕಂಪ್ಯೂಟರ್ ಪಾಠ: ಬೇಕಾದ ಸಾಮಗ್ರಿ ಯಾವುದು?

ನಿಮ್ಮ ಊರಿನ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಹೇಗೆ ಕಲಿಸುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಯಂತ್ರಗಳ ಲೆಕ್ಕ. ಹತ್ತು ಇವೆ, ಅದರಲ್ಲಿ ಆರು ಕೆಟ್ಟಿವೆ, ಕರೆಂಟು ಇದ್ದರೆ ಪಾಠ, ಇಲ್ಲದಿದ್ದರೆ ಇಲ್ಲ. ಈ ತೊಂದರೆಗಳು ನಿಜವೇ. ಆದರೆ ಯಂತ್ರ ಕೆಟ್ಟ ದಿನ ಪಾಠವೂ ನಿಂತುಹೋಗುತ್ತದೆ ಎಂದಾದರೆ, ನಾವು ಕಲಿಸುತ್ತಿರುವುದು ಒಂದು ವಿಜ್ಞಾನವನ್ನೋ ಅಥವಾ ಒಂದು ಯಂತ್ರದ ಗುಂಡಿಗಳನ್ನೋ ಎಂಬ ಪ್ರಶ್ನೆ ಏಳುತ್ತದೆ. ಕಂಪ್ಯೂಟರ್ ಕಡಿಮೆ ಇರುವ ಶಾಲೆಯ ಮಕ್ಕಳಿಗೆ ಈ ಪ್ರಶ್ನೆ ಬಹಳ ಮುಖ್ಯ. ಉತ್ತರ ತಪ್ಪಿದರೆ ನಷ್ಟ ಅವರದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ, ಜನಸಾಮಾನ್ಯರಿಗೆ ಕಂಪ್ಯೂಟರ್ ಪರಿಚಯ ಮಾಡಿಕೊಡಬೇಕೆಂದು 1982ರಲ್ಲಿ ಟೆಲಿವಿಷನ್ ಸರಣಿಯೊಂದನ್ನು ಆರಂಭಿಸಿತು. ಅದರ ಜೊತೆಗೆ ಬಳಸಲೆಂದೇ ಕೇಂಬ್ರಿಜ್‌ನ ಏಕಾರ್ನ್ ಕಂಪೆನಿ ತಯಾರಿಸಿದ ಯಂತ್ರ ಬಿಬಿಸಿ ಮೈಕ್ರೋ. ಇದೇ ಯಂತ್ರವನ್ನು 1984-85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯ ಮೂಲಕ ಸುಮಾರು 250 ಶಾಲೆಗಳಿಗೆ ತಂದಿತು. ಆ ಯಂತ್ರದ ಒಂದು ಮಾದರಿಯ ಸ್ಮರಣೆ ಕೇವಲ 32 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ಛಾಯಾಚಿತ್ರವೂ ಅದರಲ್ಲಿ ಹಿಡಿಸದು. ಯಂತ್ರ ಹಳತಾಯಿತು, ಅದರ ಗುಂಡಿಗಳನ್ನು ಒತ್ತುವ ವಿದ್ಯೆಯೂ ಹಳತಾಯಿತು. ಆದರೆ ಹುಡುಕುವುದು, ವಿಂಗಡಿಸುವುದು, ಮಾಹಿತಿಯನ್ನು ಸೊನ್ನೆ-ಒಂದುಗಳಾಗಿ ಬರೆಯುವುದು, ತಪ್ಪನ್ನು ಪತ್ತೆಹಚ್ಚುವುದು, ಇವು ಅಂದು ಹೇಗಿದ್ದವೋ ಇಂದೂ ಹಾಗೆಯೇ ಇವೆ. ಶಾಲೆಯಲ್ಲಿ ಮೊದಲು ಕಲಿಸಬೇಕಾದದ್ದು ಇವನ್ನು.

ಇವನ್ನು ಯಂತ್ರವಿಲ್ಲದೆ ಕಲಿಸಲು ಸಾಧ್ಯವೆ? ಸಾಧ್ಯ ಎಂದು ತೋರಿಸಿಕೊಟ್ಟವರು ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಹಾಗೂ ಅವರ ಜೊತೆಗಾರರಾದ ಇಯಾನ್ ವಿಟ್ಟನ್ ಮತ್ತು ಮೈಕ್ ಫೆಲೋಸ್. ‘ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್’ ಎಂಬ ಅವರ ಪುಸ್ತಕ 1998ರಲ್ಲಿ ಹೊರಬಂತು. ತಂತಿ ಕಿತ್ತ ಕಂಪ್ಯೂಟರ್ ವಿಜ್ಞಾನ ಎಂದು ಅದರ ಅರ್ಥ. ಅದರಲ್ಲಿರುವುದೆಲ್ಲ ಕಾರ್ಡು, ದಾರ, ಸೀಮೆಸುಣ್ಣ ಬಳಸಿ ಆಡುವ ಆಟಗಳು. ನಮ್ಮ ದೇಶದಲ್ಲಿಯೂ ಎಸಿಎಂ ಇಂಡಿಯಾ ಸಂಸ್ಥೆ 2016ರಲ್ಲಿ ಆರಂಭಿಸಿದ ‘ಸಿಎಸ್ ಪಾಠಶಾಲಾ’ ಇದೇ ಹಾದಿಯಲ್ಲಿ ಪಾಠಗಳನ್ನು ಸಿದ್ಧಪಡಿಸಿ ಉಚಿತವಾಗಿ ಕೊಡುತ್ತಿದೆ.

ಒಂದು ಉದಾಹರಣೆ ನೋಡೋಣ. ಐದು ರಟ್ಟುಗಳ ಮೇಲೆ ಕ್ರಮವಾಗಿ 16, 8, 4, 2, 1 ಚುಕ್ಕೆಗಳನ್ನು ಹಾಕಿ ಐವರು ಮಕ್ಕಳ ಕೈಗೆ ಕೊಡಿ. ಚುಕ್ಕೆ ಕಾಣುವಂತೆ ಹಿಡಿದರೆ ಒಂದು, ಹಿಂದುಮುಂದಾಗಿ ಹಿಡಿದರೆ ಸೊನ್ನೆ. ಈಗ 19 ತೋರಿಸಿ ಎನ್ನಿ. ಹದಿನಾರು, ಎರಡು, ಒಂದು ಚುಕ್ಕೆಯ ಮಕ್ಕಳು ರಟ್ಟು ತೋರಿಸುತ್ತಾರೆ. ಸಾಲನ್ನು ಓದಿದರೆ 10011. ಸೊನ್ನೆಯಿಂದ 31ರವರೆಗಿನ ಯಾವ ಸಂಖ್ಯೆಯನ್ನಾದರೂ ಹೀಗೆ ತೋರಿಸಬಹುದು. ಮನೆಯ ಅಜ್ಜಿಗೆ ಇದು ಹೊಸತಲ್ಲ. ಪಾವು, ಅಚ್ಚೇರು, ಸೇರು ಒಂದರ ಎರಡರಷ್ಟು ಮತ್ತೊಂದು. ಈ ಮೂರನ್ನು ಬೇಕಾದಂತೆ ಒಂದೊಂದೇ ಸಲ ಬಳಸಿ ಒಂದು ಪಾವಿನಿಂದ ಏಳು ಪಾವಿನವರೆಗೆ ಯಾವ ಅಳತೆಯನ್ನಾದರೂ ಅಳೆಯಬಹುದು. ದ್ವಿಮಾನ ಪದ್ಧತಿ ಎಂಬ ದೊಡ್ಡ ಹೆಸರು ಆಮೇಲೆ ಬಂದರೆ ಸಾಕು.

ಇನ್ನೊಂದು ಆಟ ಮಕ್ಕಳಿಗೆ ಮಾಟದಂತೆ ಕಾಣುತ್ತದೆ. ಹಳೆಯ ಲಗ್ನಪತ್ರಿಕೆಗಳನ್ನು ಚೌಕಗಳಾಗಿ ಕತ್ತರಿಸಿ. ಒಂದು ಬದಿ ಅಚ್ಚು, ಒಂದು ಬದಿ ಬಿಳಿ. ಐದು ಸಾಲು, ಸಾಲಿಗೆ ಐದರಂತೆ 25 ಚೌಕಗಳನ್ನು ಮನಬಂದಂತೆ ಇಡಲು ಒಬ್ಬ ಹುಡುಗಿಗೆ ಹೇಳಿ. ‘ಆಟ ಇನ್ನಷ್ಟು ಕಷ್ಟವಾಗಲಿ’ ಎನ್ನುತ್ತ ಶಿಕ್ಷಕರು ಇನ್ನೊಂದು ಅಡ್ಡಸಾಲು, ಇನ್ನೊಂದು ಕಂಬಸಾಲು ಸೇರಿಸಲಿ. ಸೇರಿಸುವಾಗ ಪ್ರತಿ ಸಾಲಿನಲ್ಲಿಯೂ ಅಚ್ಚಿನ ಬದಿಗಳು ಸಮಸಂಖ್ಯೆಯಲ್ಲಿರುವಂತೆ ನೋಡಿಕೊಳ್ಳಬೇಕು. ಅವರು ಮುಖ ತಿರುಗಿಸಿದಾಗ ಹುಡುಗಿ ಯಾವುದೋ ಒಂದು ಚೌಕವನ್ನು ಮಗುಚುತ್ತಾಳೆ. ಯಾವ ಅಡ್ಡಸಾಲಿನಲ್ಲಿ, ಯಾವ ಕಂಬಸಾಲಿನಲ್ಲಿ ಬೆಸಸಂಖ್ಯೆ ಬಂದಿದೆಯೋ ಅವೆರಡೂ ಕೂಡುವ ಕಡೆ ಇರುವುದೇ ಮಗುಚಿದ ಚೌಕ. ತಂತಿಯಲ್ಲೋ ಗಾಳಿಯಲ್ಲೋ ಸಾಗುವ ಮಾಹಿತಿ ಕೆಟ್ಟಿತೆಂಬುದನ್ನು ಕಂಡುಹಿಡಿಯಲು ಇದೇ ಬಗೆಯ ಉಪಾಯ ಬೇಕು. ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಕೊನೆಯದು ಇಂತಹ ತಾಳೆ ನೋಡುವ ಅಂಕಿಯೇ.

ಕನ್ನಡ ಶಾಲೆಗೆ ಸುಲಭವಾಗಿ ದೊರೆಯುವ ಒಂದು ಸಾಮಗ್ರಿಯೂ ಇದೆ. ಅದು ಛಂದಸ್ಸು. ನಮ್ಮ ಪ್ರೌಢಶಾಲೆಯ ಮಕ್ಕಳು ಲಘು-ಗುರು ಗುರುತಿಸಿ ಪ್ರಸ್ತಾರ ಹಾಕಲು ಕಲಿಯುತ್ತಾರೆ. ಎರಡೇ ಗುರುತು, ಮೂರು ಸ್ಥಾನ, ಆದ್ದರಿಂದ ಎರಡು ಗುಣಿಸು ಎರಡು ಗುಣಿಸು ಎರಡು, ಎಂಟು ಗಣ. ಇವನ್ನು ನೆನಪಿಡಲು ಕಲಿಸುವ ಸೂತ್ರ ‘ಯಮಾತಾರಾಜಭಾನಸಲಗಂ’. ಲಘುವನ್ನು ಸೊನ್ನೆ, ಗುರುವನ್ನು ಒಂದು ಎಂದು ಬರೆದರೆ ಇದು 0111010001 ಆಗುತ್ತದೆ. ಮೊದಲ ಅಕ್ಷರದಿಂದ ಮೂರು ತೆಗೆದುಕೊಳ್ಳಿ: ಯಮಾತಾ, 011. ಒಂದಕ್ಷರ ಮುಂದೆ ಸರಿಯಿರಿ: ಮಾತಾರಾ, 111. ಹೀಗೆಯೇ ಸಲಗಂ, 001ರವರೆಗೆ ಹೋದರೆ ಎಂಟು ಗಣಗಳೂ ಒಂದೊಂದು ಸಲ ಬರುತ್ತವೆ, ಯಾವುದೂ ಮರಳಿ ಬರುವುದಿಲ್ಲ. ಬೇರೆ ಬೇರೆಯಾಗಿ ಬರೆದರೆ 24 ಅಕ್ಷರ ಬೇಕಾದ ಕಡೆ ಹತ್ತೇ ಸಾಕಾಗಿದೆ. ಇಂತಹ ಸರಣಿಗಳಿಗೆ ಗಣಿತದಲ್ಲಿ ಡಿ ಬ್ರೂಯಿನ್ ಸರಣಿ ಎಂದು ಹೆಸರು. ಆ ಡಚ್ ಗಣಿತಜ್ಞರ ಲೇಖನ ಬಂದದ್ದು 1946ರಲ್ಲಿ. ನಮ್ಮ ಹಿರಿಯರು ಕಂಪ್ಯೂಟರ್ ಕಂಡುಹಿಡಿದಿದ್ದರು ಎಂದು ಹೇಳುವುದಕ್ಕಲ್ಲ ಈ ಮಾತು. ಕನ್ನಡ ಶಿಕ್ಷಕರೂ ಗಣಿತ ಶಿಕ್ಷಕರೂ ಒಂದು ಪಾಠವನ್ನು ಸೇರಿ ಮಾಡಬಹುದು ಎಂಬುದಷ್ಟೆ ನನ್ನ ಸೂಚನೆ.

ಅಕ್ಷರಗಳ ಮಾತು ಬಂದದ್ದರಿಂದ ಯೂನಿಕೋಡ್ ಬಗ್ಗೆ ಎರಡು ಮಾತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಮೀಸಲಾಯಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ‘ಅಕ್ಕ’ ಎಂದು ಬರೆದಾಗ ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಅ, ಕ, ವಿರಾಮ ಚಿಹ್ನೆ, ಮತ್ತೊಂದು ಕ, ಒಟ್ಟು ನಾಲ್ಕು. ಪ್ರತಿ ಮಗುವೂ ತನ್ನ ಹೆಸರನ್ನು ಹೀಗೆ ಬಿಡಿಸಿ ಬರೆಯಲಿ. ಒತ್ತಕ್ಷರದ ವ್ಯಾಕರಣವೂ ತಿಳಿಯುತ್ತದೆ, ಮಾಹಿತಿಯನ್ನು ಸಂಕೇತವಾಗಿಸುವ ಬಗೆಯೂ ತಿಳಿಯುತ್ತದೆ.

ಹುಡುಕುವ ಪಾಠಕ್ಕೆ ಶಾಲೆಯ ಕಚೇರಿಯಲ್ಲಿರುವ ದಾಖಲಾತಿ ಪುಸ್ತಕವೇ ಸಾಕು. ದಾಖಲಾತಿ ಸಂಖ್ಯೆ ಗೊತ್ತಿದ್ದರೆ ಗುಮಾಸ್ತರು ಕ್ಷಣದಲ್ಲಿ ಪುಟ ತೆಗೆಯುತ್ತಾರೆ. ಬರೀ ಹೆಸರು ಹೇಳಿದರೆ ಪುಟ ಪುಟ ತಿರುವಬೇಕು. ಏಕೆ? ಪುಸ್ತಕ ಸಂಖ್ಯೆಯ ಕ್ರಮದಲ್ಲಿದೆ, ಹೆಸರಿನ ಕ್ರಮದಲ್ಲಿಲ್ಲ. ಕ್ರಮವಾಗಿರುವ 1000 ನಮೂದುಗಳಲ್ಲಿ ಪ್ರತಿ ಸಲ ನಡುವಿನದನ್ನು ನೋಡಿ ಅರ್ಧ ಭಾಗ ಬಿಡುತ್ತ ಹೋದರೆ ಹೆಚ್ಚೆಂದರೆ ಹತ್ತು ಸಲ ನೋಡಿದರೆ ಸಾಕು. ನಮೂದುಗಳು 2000 ಆದರೆ ಹನ್ನೊಂದು. ಕ್ರಮವಿಲ್ಲದಿದ್ದರೆ ಎರಡು ಸಾವಿರವನ್ನೂ ನೋಡಬೇಕಾಗಬಹುದು. ಇದನ್ನು ಮಕ್ಕಳೇ ಎಣಿಸಿ ಕಂಡುಕೊಂಡರೆ, ವಿಂಗಡಿಸಲು ಕಂಪ್ಯೂಟರ್ ಅಷ್ಟೊಂದು ಶ್ರಮಪಡುವುದೇಕೆ ಎಂದು ಬೇರೆಯಾಗಿ ವಿವರಿಸಬೇಕಿಲ್ಲ.

ಹಾಗಾದರೆ ಯಂತ್ರವೇ ಬೇಡವೆ? ಖಂಡಿತ ಬೇಕು. ಈಜುವುದನ್ನು ದಡದಲ್ಲಿ ನಿಂತು ಪೂರ್ತಿ ಕಲಿಯಲಾಗದು. ತಾನು ಬರೆದ ಸೂಚನೆಯನ್ನು ಯಂತ್ರ ಅಕ್ಷರಶಃ ಪಾಲಿಸಿದಾಗ ಮಾತ್ರ ತನ್ನ ಯೋಚನೆಯಲ್ಲಿದ್ದ ಸಂದು ಮಗುವಿಗೆ ಕಾಣುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಹಂತದಲ್ಲಿಯೇ ಕೋಡಿಂಗ್ ಇರಬೇಕೆಂದಿದೆ. ‘ಶಾಲೆಗೆ ಯಂತ್ರ ಬೇಡ, ರಟ್ಟು ಸಾಕು’ ಎಂದು ಯಾರಾದರೂ ಈ ಆಟಗಳ ನೆಪದಲ್ಲಿ ಹೇಳಿದರೆ ಅದನ್ನು ಒಪ್ಪಬೇಡಿ.

ಆದರೆ ನಲವತ್ತು ಮಕ್ಕಳಿಗೆ ಒಂದೇ ಯಂತ್ರವಿದ್ದರೂ ಪಾಠ ಮಾಡಬಹುದು. ಇಂಗ್ಲೆಂಡಿನ ಸ್ಯೂ ಸೆಂಟೆನ್ಸ್ ಮತ್ತು ಜೇನ್ ವೇಟ್ 2017ರಲ್ಲಿ ಐದು ಹಂತದ ಕ್ರಮವೊಂದನ್ನು ಮುಂದಿಟ್ಟರು. ಊಹಿಸು, ನಡೆಸು, ಪರಿಶೀಲಿಸು, ಬದಲಿಸು, ರಚಿಸು. ಒಂದರಿಂದ ಹತ್ತರವರೆಗೆ ಕೂಡುವ ಪುಟ್ಟ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಹಲಗೆಯ ಮೇಲೆ ಬರೆಯಿರಿ. ಎಣಿಕೆಯ ಮಿತಿಯನ್ನು 1 ಮತ್ತು 10 ಎಂದು ಕೊಡಿ. ಉತ್ತರವೇನೆಂದು ಎಲ್ಲರೂ ಪುಸ್ತಕದಲ್ಲಿ ಬರೆಯಲಿ. ಬಹುಮಂದಿ 55 ಎಂದು ಬರೆಯುತ್ತಾರೆ. ಯಂತ್ರ 45 ಎನ್ನುತ್ತದೆ. ಪೈಥಾನಿನ ಎಣಿಕೆ ಕೊನೆಯ ಸಂಖ್ಯೆಯನ್ನು ಮುಟ್ಟದೆ 9ಕ್ಕೇ ನಿಲ್ಲುತ್ತದೆ. ಆ ಹತ್ತು ಎಲ್ಲಿ ಹೋಯಿತು ಎಂಬ ಗದ್ದಲವೇ ಆ ದಿನದ ಪಾಠ. ಮುಂದಿನ ಮೂರು ಹಂತಗಳಿಗೆ ಮಕ್ಕಳು ಗುಂಪು ಗುಂಪಾಗಿ ಸರದಿಯಲ್ಲಿ ಯಂತ್ರದ ಬಳಿ ಬರಲಿ.

ಶಿಕ್ಷಕರಲ್ಲಿ ಒಂದು ಕೋರಿಕೆ. ಪದಗಳ ವಿಸ್ತೃತ ರೂಪವನ್ನು ಬಾಯಿಪಾಠ ಮಾಡಿಸುವ ಅವಧಿಗಳಲ್ಲಿ ಕೆಲವನ್ನಾದರೂ ಇಂತಹ ಚಟುವಟಿಕೆಗೆ ಕೊಡಿ. ಒಂದು ಪೆಟ್ಟಿಗೆಯಲ್ಲಿ ಚುಕ್ಕೆಯ ರಟ್ಟುಗಳು, ಕತ್ತರಿಸಿದ ಚೌಕಗಳು, ಸೀಮೆಸುಣ್ಣ, ಹಳೆಯ ನೋಟ್‌ಬುಕ್ಕಿನ ಹಾಳೆಗಳು ಇರಲಿ. ತಂದೆತಾಯಿಗಳಲ್ಲಿಯೂ ಒಂದು ಮಾತು. ಶಾಲೆಯಲ್ಲಿ ಕಂಪ್ಯೂಟರ್ ಎಷ್ಟಿವೆ ಎಂದು ಅವಶ್ಯ ಕೇಳಿ, ಕೆಟ್ಟಿದ್ದನ್ನು ಸರಿಪಡಿಸಲು ಒತ್ತಾಯಿಸಿ. ಸಂಜೆ ಮನೆಗೆ ಬಂದ ಮಗುವನ್ನು ಮಾತ್ರ ಬೇರೆ ಪ್ರಶ್ನೆ ಕೇಳಿ: ‘ಇವತ್ತು ನೀನು ಯಾವ ಲೆಕ್ಕದ ದಾರಿ ಕಂಡುಕೊಂಡೆ, ನನಗೂ ಹೇಳಿಕೊಡು.’ ಮಗು ಹೇಳಿಕೊಟ್ಟರೆ ಪಾಠ ನಡೆದಿದೆ ಎಂದು ತಿಳಿಯಿರಿ.