ಸೀಸದ ಸಿಪಾಯಿಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಗೊಂಬೆಗಳ ಮಾತೆತ್ತುವುದೇ ಎಂದು ಕೆಲವರು ಹುಬ್ಬೇರಿಸಬಹುದು. ನಾವು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಕಾವ್ಯ ಶಾಸ್ತ್ರಗಳ ಮಾತು ನಮ್ಮ ಬಾಯಲ್ಲಿ ಒಪ್ಪದು. ಗೊಂಬೆಯಾದರೋ ನಮ್ಮವರಿಗೆ ಹೊಸದಲ್ಲ. ಈ ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಮಂಚವನ್ನು ಗೋಡೆಗೆ ನಿಲ್ಲಿಸಿಯಾದರೂ ನವರಾತ್ರಿಗೆ ಗೊಂಬೆ ಕೂರಿಸುವವರು ಇಲ್ಲಿಯೇ ಎಷ್ಟು ಮಂದಿ ಇದ್ದೀರಿ! ಮೇಲೆ ಪಟ್ಟದ ಗೊಂಬೆ, ಕೆಳಗೆ ಅಂಗಡಿ ಹರಡಿಕೊಂಡ ಶೆಟ್ಟಿ ದಂಪತಿ, ನೆಲದ ಮೇಲೆ ಜಂಬೂಸವಾರಿ. ನಮ್ಮ ಮನೆಯ ಜಂಬೂಸವಾರಿಗೆ ಸೈನ್ಯವಿರಲಿಲ್ಲ. ಆ ಕೊರತೆ ನೀಗಲೆಂದು ಒಂದು ಭಾನುವಾರ ಚೋರ್ ಬಜಾರಿನಲ್ಲಿ ಆರು ಸೀಸದ ಸಿಪಾಯಿಗಳನ್ನು ಕೊಂಡೆವು. ನಮ್ಮ ಹುಚ್ಚಿನ ಮೂಲ ಅಷ್ಟೇ. ಇಂದು ಅವರ ಸಂಖ್ಯೆ ಇನ್ನೂರನ್ನು ದಾಟಿದೆ. ನಮ್ಮ ಮನೆಯವರು ಅಟ್ಟದಲ್ಲಿ ಹಪ್ಪಳದ ಡಬ್ಬಕ್ಕೆ ಜಾಗವಿಲ್ಲವೆಂದು ಹೇಳುವುದನ್ನೂ ನಿಲ್ಲಿಸಿದ್ದಾರೆ.

ಈ ಸಿಪಾಯಿಗಳಲ್ಲಿ ಹಲವು ಜಾತಿ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಮಾಡುತ್ತಿದ್ದವು ಚಪ್ಪಟೆ ತವರದವು, ಎಲೆಯಂತೆ ತೆಳು. ಇಂಗ್ಲೆಂಡಿನ ಬ್ರಿಟನ್ ಮನೆತನದವರು 1893ರಲ್ಲಿ ಟೊಳ್ಳು ಎರಕದ ಉಪಾಯ ಕಂಡುಕೊಂಡರು: ಕಾದ ಲೋಹವನ್ನು ಅಚ್ಚಿಗೆ ಹೊಯ್ದು, ಹೊರಮೈ ಗಟ್ಟಿಯಾಗುತ್ತಲೇ ನಡುವಿನ ದ್ರವವನ್ನು ಹೊರಕ್ಕೆ ಸುರಿದುಬಿಡುವುದು. ಸೀಸ ಉಳಿಯಿತು, ಬೆಲೆ ಇಳಿಯಿತು. ಆಳಿನ ಎತ್ತರ 54 ಮಿಲಿಮೀಟರು. ಇಂಥವರನ್ನು ನೆಲ, ಗಿಡ, ಕೋಟೆಗಳ ನಡುವೆ ನಿಲ್ಲಿಸಿ ಒಂದು ಕದನದ ದೃಶ್ಯ ಮಾಡಿದರೆ ಅದಕ್ಕೆ ಡಯೊರಾಮ ಎಂದು ಹೆಸರು.

ಹೋದ ವರ್ಷ ಸಂಘದ ಪ್ರದರ್ಶನಕ್ಕೆ ನಾವೂ ಒಂದನ್ನು ಮಾಡಿದೆವು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ದೃಶ್ಯ. ತುಂಬಿದ ನೀಲಿ ಕಾವೇರಿ, ಒಡೆದ ಗೋಡೆ, ಅದರ ಮೇಲೆ ಖಡ್ಗ ಹಿರಿದ ಟಿಪ್ಪು ಸುಲ್ತಾನ, ಹಳದಿ ಕಪ್ಪು ಪಟ್ಟೆಯಂಗಿಯ ಅವನ ಸೈನಿಕರು, ಕೆಳಗೆ ನಲವತ್ತು ಜನ ಕೆಂಪಂಗಿಯ ದೊರೆಗಳು. ಬಂದವರೆಲ್ಲ ಭೇಷ್ ಎಂದರು. ಮಂಡ್ಯದ ಕಡೆಯ, ನಿವೃತ್ತರಾದ ಒಬ್ಬ ಮೇಷ್ಟ್ರು ಮಾತ್ರ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಏನಪ್ಪಾ, ಬೇಸಗೆಯಲ್ಲಿ ಕಾವೇರಿ ಹೀಗೆ ತುಂಬಿ ಹರೀತಾಳೇನು?" ಎಂದರು.

ನಾವು ತಲೆ ಕೆರೆದುಕೊಂಡೆವು.

"ಹೋಗಲಿ. ಇದು ಎಷ್ಟು ಗಂಟೆಯ ಚಿತ್ರ?"

"ಮಧ್ಯಾಹ್ನದ್ದು, ಮೇಷ್ಟ್ರೇ."

"ಲಗ್ಗೆ ಶುರುವಾದಾಗ ಸುಲ್ತಾನ್ ಊಟಕ್ಕೆ ಕೂತಿದ್ದ ಅಂತಾರಲ್ಲ. ಅದೂ ಇರಲಿ. ಕಂಪನಿಯ ಕಡೆ ನಮ್ಮ ದೇಶದವರು ಒಬ್ಬರೂ ಇರಲಿಲ್ಲವೇ?"

ಈ ಮೂರನೆಯ ಪ್ರಶ್ನೆ ನಮ್ಮನ್ನು ಮನೆಯವರೆಗೂ ಹಿಂಬಾಲಿಸಿ ಬಂತು. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾಗದಿದ್ದರೆ ಒಂದು ರೂಪಾಯಿಗಾಗಿ ರಾತ್ರಿ ಎಂಟರವರೆಗೆ ಕೂರುವವರು ನಾವು. ನಮ್ಮದೇ ಮೇಜಿನ ಮೇಲೆ ಸಾವಿರಾರು ಜನರ ಲೆಕ್ಕ ತಪ್ಪಿದ್ದನ್ನು ನೋಡದೆ ಹೋಗಿದ್ದೆವು! ಪುಸ್ತಕ ಹುಡುಕಿ ಓದತೊಡಗಿದಾಗ, ನಮಗಿಂತ ದೊಡ್ಡ ಮೇಜಿನ ಮೇಲೆ ಇದೇ ತಂಟೆಯಲ್ಲಿ ಸಿಕ್ಕಿಕೊಂಡ ಒಬ್ಬ ಪುಣ್ಯಾತ್ಮನ ಪರಿಚಯವಾಯಿತು. ಅವನ ಕಥೆಯನ್ನು ತಮ್ಮ ಮುಂದಿಡಲೆಂದೇ ನಾವು ಇಂದು ಬಂದದ್ದು.

ಅವನ ಹೆಸರು ವಿಲಿಯಂ ಸೈಬೋರ್ನ್, ಇಂಗ್ಲಿಷ್ ಸೈನ್ಯದ ಒಬ್ಬ ಸಣ್ಣ ಅಧಿಕಾರಿ. 1815ರ ಜೂನ್ 18ರಂದು ವಾಟರ್ಲೂ ಬಯಲಿನಲ್ಲಿ ನೆಪೋಲಿಯನ್ ಸೋತ ಕದನದ ಮಾದರಿಯೊಂದನ್ನು ಮಾಡಿಕೊಡೆಂದು 1830ರಲ್ಲಿ ಅವನಿಗೆ ಅಪ್ಪಣೆಯಾಯಿತು. ಅವನು ಆ ಬಯಲಿಗೆ ಹೋಗಿ, ಅಲ್ಲಿನ ಒಂದು ತೋಟದ ಮನೆಯಲ್ಲಿ ಎಂಟು ತಿಂಗಳು ಬೀಡುಬಿಟ್ಟು ದಿಣ್ಣೆ ಹಳ್ಳಗಳನ್ನೆಲ್ಲ ಅಳೆದ. ಆಮೇಲೆ ಬದುಕಿ ಉಳಿದಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದ: ಸಂಜೆ ಸುಮಾರು ಏಳು ಗಂಟೆಗೆ ನಿಮ್ಮ ದಳ ಎಲ್ಲಿ ನಿಂತಿತ್ತು? ಎದುರಿಗೆ ಯಾರಿದ್ದರು? ಕಾಲ ಕೆಳಗೆ ಯಾವ ಬೆಳೆ ಇತ್ತು? ಬೆಳೆಯನ್ನೂ ಕೇಳಿದ ನೋಡಿ! ತುಂಬಿದ ಕಾವೇರಿ ಬಳಿದವರಿಗೆ ಇದನ್ನು ಓದಿ ಮುಖ ಕೆಂಪಾಗದಿರುವುದೇ? ನೂರಾರು ಉತ್ತರಗಳು ಬಂದವು. ಒಂದೇ ಹೊಲದಲ್ಲಿ ನಿಂತಿದ್ದ ಇಬ್ಬರು ಎರಡು ಬಗೆಯಾಗಿ ಬರೆದದ್ದೂ ಉಂಟು.

1833ರಲ್ಲಿ ಸರಕಾರ ಹಣ ನಿಲ್ಲಿಸಿತು. ಆತ ಸಾಲ ಮಾಡಿ ಮುಂದುವರಿಸಿದ. 1838ರಲ್ಲಿ ಲಂಡನ್ನಿನಲ್ಲಿ ಮಾದರಿ ಜನರ ಕಣ್ಣಿಗೆ ಬಿತ್ತು: 27 ಅಡಿ ಉದ್ದ, 20 ಅಡಿಗೆ ಸಮೀಪದ ಅಗಲ, 70,000ಕ್ಕೂ ಮೇಲ್ಪಟ್ಟು ಪುಟ್ಟ ಗೊಂಬೆಗಳು. ಲಕ್ಷದಷ್ಟು ಜನ ತಲೆಗೊಂದು ಶಿಲ್ಲಿಂಗ್ ಕೊಟ್ಟು ನೋಡಿದರಂತೆ. ಸೈಬೋರ್ನನ ಸಾಲ ಮಾತ್ರ ತೀರಲಿಲ್ಲ.

ತಕರಾರು ಹುಟ್ಟಿದ್ದು ಪ್ರಷ್ಯನ್ನರ ವಿಷಯದಲ್ಲಿ. ಅಂದು ವೆಲಿಂಗ್ಟನ್ ಡ್ಯೂಕನಿಗೆ ಬ್ಲೂಖರನ ಪ್ರಷ್ಯನ್ ಸೈನ್ಯ ನೆರವಾಗಿ ಬಂದಿತ್ತು. ಸೈಬೋರ್ನ್ ತನ್ನ ಲೆಕ್ಕದಂತೆ ಏಳು ಗಂಟೆಗೆ ಅವರನ್ನು ದೊಡ್ಡ ಸಂಖ್ಯೆಯಲ್ಲಿ, ಫ್ರೆಂಚರ ಪಕ್ಕೆಗೆ ತಾಕುವಂತೆ ನಿಲ್ಲಿಸಿದ್ದ. ನೋಡಿದವರಿಗೆ ಗೆಲುವಿನ ಪಾಲುದಾರರು ಇಬ್ಬರೆಂದು ತಿಳಿಯುತ್ತಿತ್ತು. ಡ್ಯೂಕನಿಗೂ ಅವನ ಸುತ್ತಲಿನವರಿಗೂ ಇದು ರುಚಿಸಲಿಲ್ಲ. ಮಾದರಿಯೊಂದು ಕದನದ ಒಂದೇ ಗಳಿಗೆಯನ್ನು ತೋರಿಸಬಲ್ಲದು, ಇದು ಬೇರೆ ಬೇರೆ ಗಳಿಗೆಗಳನ್ನು ಕಲೆಸಿದೆ ಎಂಬುದು ಡ್ಯೂಕನ ಆಕ್ಷೇಪ. ಆ ಮಾತಿನಲ್ಲಿ ಹುರುಳಿದೆ. ಮೇಷ್ಟ್ರ ಎರಡನೆಯ ಪ್ರಶ್ನೆಯೂ ಅದೇ ಅಲ್ಲವೇ? ಕೊನೆಗೆ ಸೈಬೋರ್ನ್ ಮಣಿದ. ಹತ್ತಾರು ಸಾವಿರ ಪ್ರಷ್ಯನ್ನರ ಲೆಕ್ಕಕ್ಕೆ ಸಲ್ಲುವಷ್ಟು ಗೊಂಬೆಗಳನ್ನು ಬಯಲಿನಿಂದ ಎತ್ತಿದ. ಎಂಟು ತಿಂಗಳು ಅಳೆದ ಕೈಯೇ ಎತ್ತಿತು. 1849ರಲ್ಲಿ ಅವನು ತೀರಿಕೊಂಡ. ಮಾದರಿ ಇಂದಿಗೂ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದ ಆಸ್ತಿ.

ಈ ಡ್ಯೂಕ್ ನಮಗೆ ಪರಕೀಯನೇನಲ್ಲ. ಶ್ರೀರಂಗಪಟ್ಟಣ ಬಿದ್ದ ದಿನ ಅಲ್ಲಿಯೇ ಮೀಸಲು ಪಡೆಯ ನಾಯಕನಾಗಿದ್ದ ಕರ್ನಲ್ ವೆಲೆಸ್ಲಿಯೇ ಅವನು. ಆಮೇಲೆ ದರಿಯಾ ದೌಲತ್ತಿನಲ್ಲಿ ವಾಸಮಾಡಿದ. ಅಲ್ಲಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ, ತಾವು ನೋಡಿರುತ್ತೀರಿ: ಹೈದರ್, ಟಿಪ್ಪು ಗೆದ್ದದ್ದು, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿ ಸೋತದ್ದು. ಕೆಟ್ಟುಹೋಗಿದ್ದ ಆ ಚಿತ್ರವನ್ನು ವೆಲೆಸ್ಲಿ ಸರಿಪಡಿಸಿದನೆಂದು ಹೇಳಿಕೆ. ತನ್ನವರ ಸೋಲಿನ ಚಿತ್ರಕ್ಕೆ ಬಣ್ಣ ಹಾಕಿಸಿದವನು ತನ್ನ ಗೆಲುವಿನ ಮಾದರಿಯಲ್ಲಿ ಪಾಲುದಾರರನ್ನು ಸಹಿಸಲಿಲ್ಲ. ಮನುಷ್ಯಸ್ವಭಾವ!

ಅವನನ್ನು ನೋಡಿ ನಗುವಷ್ಟರಲ್ಲಿ ನಮ್ಮ ಮೇಜು ನೆನಪಾಯಿತು. ಸೈಬೋರ್ನನನ್ನು ಒತ್ತಾಯಿಸಲು ಡ್ಯೂಕನಿದ್ದ. ನಮ್ಮನ್ನು ಯಾರು ಒತ್ತಾಯಿಸಿದ್ದರು? ಅಂದು ಬೇರ್ಡ್ ಸೇನಾನಿಯ ಕೈಕೆಳಗೆ ನದಿ ದಾಟಿದವರು ಸುಮಾರು 4,400 ಜನ. ಅವರಲ್ಲಿ ಹೆಚ್ಚುಕಡಿಮೆ 1,900 ಮಂದಿ ಈ ದೇಶದ ಸಿಪಾಯಿಗಳು. ಕಣ್ಣಾನೂರಿನಿಂದ ಕೊಡಗಿನ ಮೇಲೆ ಹಾದು ಬಂದದ್ದು ನಾವು ಇಂದು ಅನ್ನ ತಿನ್ನುತ್ತಿರುವ ಈ ಮುಂಬಯಿಯ ಹೆಸರು ಹೊತ್ತ ಸೈನ್ಯವೇ. ಅಂಗಡಿಯಲ್ಲಿ ಸಿಪಾಯಿ ಗೊಂಬೆ ಸಿಗಲಿಲ್ಲ ಎಂದು ನೆವ ಹೇಳಬಹುದು. ನಿಜ ಹೇಳಿದರೆ ನಾವು ಹುಡುಕಲೇ ಇಲ್ಲ. ಬಿಳಿಯರು ಆ ಕಡೆ, ನಮ್ಮವರು ಈ ಕಡೆ ಎಂದು ನಿಲ್ಲಿಸಿದರೆ ರಾಜ್ಯೋತ್ಸವಕ್ಕೆ ಕಣ್ಣಿಗೂ ಮನಸ್ಸಿಗೂ ಹಿತವಾಗಿತ್ತು.

ಈ ವರ್ಷ ಮೇಜನ್ನು ಬಿಚ್ಚಿ ಮತ್ತೆ ಕಟ್ಟಿದ್ದೇವೆ. ನದಿಯ ನೀಲಿ ಕೆರೆದು ಬಂಡೆ ತೋರಿಸಿದ್ದೇವೆ. ನೀರು ಕೆಲವೆಡೆ ಪಾದ ಮುಟ್ಟಿದರೆ ಕೆಲವೆಡೆ ಸೊಂಟದವರೆಗೆ. ಹಳದಿ ಪಟ್ಟೆಯ ಅಂಗಿಗಳು ಹೋಗಿವೆ. ಆ ಕಾಲದವರು ಬರೆದಿಟ್ಟ ಹುಲಿಯಂಗಿ ನೇರಳೆ ಬಟ್ಟೆಯ ಮೇಲೆ ಬಿಳಿ ಗುರುತಿನದು. ನೂರಕ್ಕೊಬ್ಬರಂತೆ ಲಗ್ಗೆಯವರು ನಲವತ್ತನಾಲ್ಕು: ಇಪ್ಪತ್ತೈದು ಬಿಳಿಯರು, ಹತ್ತೊಂಬತ್ತು ಸಿಪಾಯಿಗಳು. ಸಿಪಾಯಿಗಳನ್ನು ಮನೆಯಲ್ಲಿಯೇ ತಿದ್ದಿ ಮಾಡಿದೆವು. ಏಳು ಜನಕ್ಕೆ ಇನ್ನೂ ಬಣ್ಣವಾಗಿಲ್ಲ, ಕ್ಷಮಿಸಬೇಕು. ಸುಲ್ತಾನನನ್ನು ಒಡೆದ ಗೋಡೆಯಿಂದ ಕೆಳಗಿಳಿಸಿದ್ದೇವೆ. ನಮ್ಮದು ಲಗ್ಗೆಯ ಮೊದಲ ಗಳಿಗೆ. ಅವನು ಕಾದಿ ಮಡಿದದ್ದು ಆಮೇಲೆ, ಉತ್ತರದ ಕಡೆ, ನೀರಬಾಗಿಲ ಬಳಿ. ಅವನಿಲ್ಲದ ಮೇಜನ್ನು ನೋಡಿ ನಮ್ಮ ಮಗಳು ಎರಡು ದಿನ ಮುನಿಸಿಕೊಂಡಿದ್ದಳು. ಅವನು ಈಗ ಮೇಜಿನ ಅಂಚಿಗೆ, ಬೇರೊಂದು ಹಲಗೆಯ ಮೇಲೆ ಒಬ್ಬನೇ ಇದ್ದಾನೆ, ಕೆಳಗೆ "ನಂತರ" ಎಂದು ಬರೆದಿದ್ದೇವೆ.

ಮೇಜು ಪಕ್ಕದ ಕೋಣೆಯಲ್ಲಿದೆ. ಮೇಷ್ಟ್ರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ, ಕನ್ನಡಕ ಆಗಲೇ ಒರೆಸಿಕೊಳ್ಳುತ್ತಿದ್ದಾರೆ. ತಾವೆಲ್ಲರೂ ಅವರ ಹಿಂದೆಯೇ ದಯಮಾಡಿಸಬೇಕು.